ಎಡಚಿಯ ಹೊಲಿಗಿ

ರಾಯಬಾಗದ ಪ್ಯಾಟ್ಯಾಗ ಗೋಣಿ ಹೊಲಿಯೋ ಕೊಂತೆವ್ವ ಹೇಳಿದ್ದು

ಕಡಲ ನಾ ಕಂಡಿಲ್ಲ.
ಕಂಡವರು ಹೇಳಿದ್ದು ಕೇಳೀನಿ:
ಕೃಷ್ಣಿಗೆ ಆಚಿ ದಂಡಿ ಇರದಿದ್ರ ಹೆಂಗೋ ಹಂಗ ಅಂತ.
ಆಚಿ ದಂಡಿ ಇರದ ನೀರಿಗೆ
ಯಾರು ಸುಂಕ ಕೇಳ್ತಾರ, ಎಲ್ಲಿ ಕುಂತು ಕೇಳ್ತಾರ
ಅಂದ್ರ ನಗತಿದ್ದ ಖೇಮ್ಯಾ ಲಮಾಣಿ,
ಎತ್ತಿನ ಕೊಳ್ಳಿಗೆ ಕವಡಿ ಕಟ್ಟಿಕೋತ:
"ಅದಕ್ಕೂ ಚೀಟಿ ಐತಿ ಯವ್ವಾ.
ಪರಂಗಿಯವನ ಚೀಟಿ ಇಲ್ಲದ
ಬಾದಶಹಾನ ಹಡಗಾದ್ರೂ ಅಲುಗಂಗಿಲ್ಲ."

ನನಗ ಗೊತ್ತಿದ್ದದ್ದು ದಬ್ಬಣ, ಪುಂಡಿನಾರಿನ ಹುರಿ,
ನಾಕು ಮಣ ಮೆಣಸು ಹಿಡಿಯೋ ಗೋಣಿ.
ಪಕ್ಕ ಹೊಲದು, ಬಾಯಿ ಹೊಲದು,
ಹೊಟ್ಟಿ ಮ್ಯಾಲ ಗುರುತ ಹಾಕಬೇಕು.
ನೂರು ಗೋಣಿಗೆ ಒಂದು ಲಾರಿ ಕೂಲಿ.
ಲಾರಿ ಅಂದ್ರ ಬೆಳ್ಳಿತಂತಿ, ಮಡಿಚಿ ಬಡದದ್ದು,
ಕಿವಿ ಗುಗ್ಗಿ ತಗಿಯೋ ಕಡ್ಡಿಯಂಗ.
ಅದರ ಮ್ಯಾಲ ಸುಲ್ತಾನರ ಹೆಸರಂತ;
ಅರ್ಧ ಹೆಸರು ತಂತಿ ಹೊರಗ ಬಿದ್ದಿರತಿತ್ತು.

ಮೊದಲು ಶಿಲುಬಿ.
ನಿಂತದ್ದೊಂದು ಸಾಲು, ಮಲಗಿದ್ದೊಂದು ಸಾಲು,
ನಿದ್ದಿಗಣ್ಣಾಗ ಹಾಕತಿದ್ದೆ.
ನಮ್ಮವ್ವನೂ ಅದನ್ನ ಹಾಕಿದ್ಲು, ಆಕಿ ಅವ್ವನೂ.
ಗೋವಾಕ್ಕ ಹೋಗೋ ಮೆಣಸಿಗೆ
ಅದು ಹುಟ್ಟುಮಚ್ಚಿ ಅಂತ ತಿಳಿದಿದ್ವಿ.

ಒಂದಿನ ಮುರಿಗೆಪ್ಪ ಶೆಟ್ಟರು
ನೆಲದ ಮ್ಯಾಲ ಬೂದಿ ಚೆಲ್ಲಿ ಬೆರಳಿಲೆ ಬರದ್ರು:
ಎತ್ತಿನ ಕೋಡು ಎರಡು,
ಎಡಗೋಡಿಗೆ ಒಂದು ಬಳಿ,
ಬಲಗೋಡಿಗೆ ಒಡದ ಬಳಿ.
"ವಲಂದೇಜಿಯವರ ಗುರುತ. ವೆಂಗುರ್ಲೆದಾಗ ವಖಾರಿ ಹಾಕ್ಯಾರ,
ಗೋವಾದ ಬಾಯಿಗೆ ಹಡಗ ಅಡ್ಡ ನಿಲ್ಲಿಸ್ಯಾರ.
ಶಿಲುಬಿ ಕಡಿಮಿ ಮಾಡು, ಕೊಂತೆವ್ವಾ."
ಬಳಿ ಹೊಲಿಯೂದು ಸಸಾರಲ್ಲ,
ದುಂಡಂದು ದಬ್ಬಣಕ್ಕ ಒಗ್ಗಂಗಿಲ್ಲ.
ಕೂಲಿ ಹೆಚ್ಚು ಕೊಡ್ರಿ ಅಂದೆ.
"ಕಡಲಾಗ ಗೆದ್ದವರು ಯಾರು ತಿಳೀಲಿ, ಆಮ್ಯಾಲ" ಅಂದ್ರು.

ಆ ವರ್ಷ ಘಟ್ಟ ಹತ್ತಿ ಬಂದ ಹೇರಿನಾಗ
ತಾಂಬ್ರದ ಸಳಿ ಇದ್ವು, ಯಾವುದೋ ಮೂಡಣ ದೇಶದ್ದು.
ಇಳಸೂವಾಗ ಒಂದು ಗೋಣಿ ನನ್ನ ಮಗ್ಗಲಾಗ ಬಿತ್ತು.
ಉಪ್ಪಿನ ವಾಸನಿ. ಬರೇ ಉಪ್ಪಲ್ಲ, ಅದಕ್ಕಿಂತ ಹಸೀದು.
ಹೊಟ್ಟಿ ಮ್ಯಾಲ ಕೋಡು, ಬಳಿ, ಒಡದ ಬಳಿ,
ಯಾವನೋ ಗಂಡಸಿನ ಹೊಲಿಗಿ, ಅವಸರದ್ದು.
ಅದರ ಕೆಳಗ ತೂತು.
ನಿಂತದ್ದೊಂದು ಸಾಲು. ಮಲಗಿದ್ದೊಂದು ಸಾಲು.
ಹುರಿ ಕಿತ್ತಾರ, ತೂತು ಕೀಳಾಕ ಆಗಿಲ್ಲ.

ನಾ ಎಡಚಿ.
ಊರಾಗಿನ ಹೊಲಿಗಿ ಎಲ್ಲಾ ಬಲಕ್ಕ ವಾಲಿದ್ರ
ನನ್ನದು ಎಡಕ್ಕ.
ಪಕ್ಕದ ಹೊಲಿಗಿ ಇನ್ನೂ ಹಂಗ ಇತ್ತು,
ಎಡಕ್ಕ ವಾಲಿ, ಒಂದು ಎಳಿ ಸಡಲಿಲ್ಲ.

ಖೇಮ್ಯಾನ್ನ ಕೇಳಿದೆ.
ಗೋವಾದಿಂದ ಹೊಂಟ ಹಡಗ ಒಂದನ್ನ
ವಲಂದೇಜಿಯವರು ಹಿಡದ್ರಂತ. ಅರ್ಧ ಸುಟ್ಟಿತಂತ,
ಉಳದ ಸರಕು ವೆಂಗುರ್ಲೆದಾಗ ಇಳೀತಂತ.
"ಮಂದಿ?" ಅಂದೆ.
ಅವ ಎತ್ತಿನ ಗೊರಸು ನೋಡಾಕ ಹತ್ತಿದ.

ಬಿಜಾಪುರದ ದರಬಾರಕ್ಕ ಈ ಸುದ್ದಿ
ರೇಶ್ಮಿ ಥೈಲಿಯಾಗ ಬಂದಿರಬೇಕು,
ಮೊಹರ ಒಡದು ಮುನಷಿ ಓದಿರಬೇಕು.
ನನಗ ತೂತಿನಾಗ ಬಂತು.
ಬೆರಳ ಇಟ್ಟು ಎಣಿಸಿದೆ, ಹದಿನೇಳು.

ಈಗ ರಾಜಾಪುರದ ಕಡಿಂದ
ಇನ್ನೊಂದು ನಮೂನಿ ಟೊಪ್ಪಿಯವರು ಬರತಾರ.
ಅವರ ಗುರುತ ವೀಳ್ಯದೆಲಿ, ನೆತ್ತಿ ಮ್ಯಾಲ ಕೊಕ್ಕಿ.
ಮಗಳು ತುಳಜವ್ವಗ ಕಲಿಸೀನಿ.
"ಎಲಿ ಚಂದ ಬರತೈತಿ, ಇದ ಇರಲಿ ಯವ್ವಾ" ಅಂತಾಳ.
ಇರಲಿ.
ಗುರುತ ಸಡಿಲ ಹಾಕು ಮಗಳ,
ನಾಳೆ ಕೀಳಾಕ ಬರೂವರು ಗೋಣಿ ಹರೀಬಾರದು.
ಪಕ್ಕ ಮಾತ್ರ ಬಿಗಿ.

ಆ ಗೋಣಿ ಶೆಟ್ಟರಿಗೆ ತಿರುಗಿ ಕೊಡಲಿಲ್ಲ.
ಹೊಸ್ತಿಲ ಒಳಗ ಹಾಸೀನಿ.
ಬ್ಯಾಸಗಿಯಾಗ ಒಣ ತೊಗಲಿನಂಗ ಬಿರುಸು.
ಮೋಡ ಕಟ್ಟಿತಂದ್ರ,
ಹನಿ ಇನ್ನೂ ಬಿದ್ದಿರಂಗಿಲ್ಲ,
ತಾನ ಒದ್ದಿ ಆಗತೈತಿ.